ಹಿಂದಿನ ಗೆಡ್ಡೆ

ಕತ್ತರಿಯ ಎರಡೂ ಅಲಗುಗಳನ್ನು ಲೈಟರಿನ ಉರಿಗೆ ಹಿಡಿದು ಕಾಯಿಸಿ, ಆರಲು ಬಿಟ್ಟು, ಶಿಗೆಯೊ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಒಂದು ಗಿಡದ ರೋಗ ಇನ್ನೊಂದಕ್ಕೆ ಹತ್ತದಿರಲಿ ಎಂದು ಕತ್ತರಿ ಸುಡುವುದು ಎಬಿನೆ ಎಂಬ ಜಪಾನಿನ ಕಾಡು ಆರ್ಕಿಡ್ ಬೆಳೆಸುವವರ ರೂಢಿ. ಮಾಡಹೊರಟಿರುವುದು ಮೋಸ, ಅದಕ್ಕೂ ಇಷ್ಟು ಮಡಿ ಬೇಕೇ ಎಂದು ತನ್ನ ಕೈಯ ಮೇಲೇ ಅವಳಿಗೆ ಸಿಟ್ಟು ಬಂತು. ಮೇಪಲ್ ಮರದ ನೆರಳಲ್ಲಿ, ಮನೆಯ ಉತ್ತರದ ಗೋಡೆಗೆ ಒತ್ತಿ ಇಟ್ಟ ಕುಂಡಗಳಲ್ಲಿ ಇದೊಂದರ ಎಲೆಗಳು ಮಾತ್ರ ಅಗಲವಾಗಿ ಕೊಬ್ಬಿ ನಿಂತಿದ್ದವು. ಎಲೆಗಳ ನಡುವಿನಿಂದ ಎದ್ದ ಹೂದಂಟಿನ ಮೊಗ್ಗುಗಳೆಲ್ಲ ಇನ್ನೂ ಬಿಗಿಯಾಗಿದ್ದವು, ಆದರೆ ಎಲ್ಲಕ್ಕಿಂತ ಕೆಳಗಿನ ಮೊಗ್ಗಿನ ಸೀಳಿನಿಂದ ಹಳದಿ ಇಣುಕುತ್ತಿತ್ತು. ಆ ಹಳದಿಯೇ ತೊಂದರೆ. ಮಣ್ಣಿಗೆ ಚುಚ್ಚಿದ ಬಿಳಿ ಪಟ್ಟಿಯ ಮೇಲೆ ಅವಳ ಗಂಡ ಪೆನ್ಸಿಲಿನಲ್ಲಿ ಬರೆದಿದ್ದ ಹೆಸರು ‘ಯೂನಾಗಿ’. ಯೂನಾಗಿ ಹಳದಿ ಹೂ ಬಿಡುವ ಗಿಡವಲ್ಲ. ಅದರ ಹೂವು ಮಾಸಿದ ತಾಮ್ರದ ಬಣ್ಣದ್ದು, ತುಟಿಯಂಥ ಕೆಳಗಿನ ಎಸಳು ಮಾತ್ರ ಬೆಳ್ಳಗೆ. ಇಡೀ ತಾಕೆತಾ ಊರಿನಲ್ಲಿ ಅಂಥದ್ದು ಎರಡೇ ಕಡೆ ಇರಬೇಕಿತ್ತು, ಇಲ್ಲಿ ಮತ್ತು ಕೆಳಗಿನ ಬೀದಿಯ ಚಿಜುರುವಿನ ಹಿತ್ತಲಲ್ಲಿ. ಇಲ್ಲಿಯದು ಸತ್ತುಹೋದದ್ದು ತನ್ನೊಬ್ಬಳಿಗೇ ಗೊತ್ತು ಎಂದು ಶಿಗೆಯೊ ನಂಬಿದ್ದಳು. ಬೆಟ್ಟದಲ್ಲಿ ಎಲ್ಲೆಂದರಲ್ಲಿ ಬೆಳೆಯುವ ಹಳದಿ ಎಬಿನೆಯ ಕುಂಡಕ್ಕೆ ಸತ್ತ ಗಿಡದ ಪಟ್ಟಿಯನ್ನು ಚುಚ್ಚಿಟ್ಟಿದ್ದಳು, ಈಗ ಚಿಜುರು ಬರುವವಳಿದ್ದಳು. ಹೂ ಇಲ್ಲದಿದ್ದರೆ ಬರೀ ಎಲೆ ನೋಡಿ ಯಾರೂ ಇಂಥದ್ದೇ ಎಂದು ಹೇಳಲಾರರು ಎಂದುಕೊಳ್ಳುತ್ತ ದಂಟನ್ನು ಬುಡದಲ್ಲೇ ಕತ್ತರಿಸಿ ಏಪ್ರನ್ನಿನ ಜೇಬಿಗೆ ಹಾಕಿದಳು. ಚಿಜುರು ಹೇಳಬಲ್ಲಳು ಎಂಬುದೂ ಅವಳಿಗೆ ಗೊತ್ತಿತ್ತು.

ಚಿಜುರುಗೆ ಕೈಯಿದೆ, ನೆಟ್ಟದ್ದು ಹತ್ತುವಂಥ ಕೈ. ಹಾಗೆಂದವನು ಮೊರಿಹಿಕೊ, ಶಿಗೆಯೊಳ ಗಂಡ, ಅದೂ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು. ಯೂನಾಗಿಗೆ ವಿಮೆ ಇಡು, ಚಿಜುರು ಹತ್ತಿರ ಇಡು, ಅವಳಿಗೆ ಕೈಯಿದೆ. ವಿಮೆ ಎಂದರೆ ಈ ಗಿಡದ ಜನ ತಮ್ಮತಮ್ಮಲ್ಲಿ ಮಾಡಿಕೊಂಡ ಏರ್ಪಾಡು: ಅಪರೂಪದ ಗಿಡವಿದ್ದರೆ ಒಂದು ಪಾಲನ್ನು ಒಡೆದು ನಂಬಿಕೆಯವರಿಗೆ ಕೊಟ್ಟಿಡಬೇಕು, ನಮ್ಮದು ಸತ್ತರೆ ಅವರು ಅದರಲ್ಲಿ ಒಂದು ಪಾಲು ವಾಪಸ್ ಕೊಡಬೇಕು. ಇಷ್ಟು ವರ್ಷ ನೀರು ಹೊತ್ತವಳು, ಗೊಂಡೆಹುಳು ಹೆಕ್ಕಿದವಳು, ಬೇಸಿಗೆಯಲ್ಲಿ ನೆರಳುಬಲೆ ಕಟ್ಟಿದವಳು ಶಿಗೆಯೊ. ಕೈಯಿರುವುದು ಮಾತ್ರ ಚಿಜುರುಗೆ. ರಸ್ತೆ ಅಗಲ ಮಾಡಲು ಬೆಟ್ಟ ಅಗೆದಾಗ ಮಣ್ಣಿನ ಗುಪ್ಪೆಯಿಂದ ಮೊರಿಹಿಕೊ ಅದನ್ನು ಎತ್ತಿಕೊಂಡು ಬಂದ ದಿನ ಸ್ನಾನದ ಮನೆಯ ಬಕೆಟ್ಟಿನಲ್ಲಿ ಅದರ ಬೇರು ತೊಳೆದವಳೂ ಅವಳೇ. ಅವನು ಸಮುದ್ರ ತೀರದಲ್ಲಿ ಹುಟ್ಟಿದವನು, ಮೊದಲ ಹೂವು ನೋಡಿ, ಸಂಜೆ ಗಾಳಿ ನಿಂತಾಗ ನಮ್ಮೂರಿನ ನೀರು ಹೀಗೇ ಇರುತ್ತದೆ ಎಂದು ಯೂನಾಗಿ, ಸಂಜೆಯ ಗಾಳಿ ನಿಂತ ಹೊತ್ತು, ಎಂದು ಹೆಸರಿಟ್ಟ. ಹೆಸರಿಡುವಾಗ ಪಕ್ಕದಲ್ಲಿ ಚಿಜುರು ಇದ್ದಳು, ನಗುತ್ತಿದ್ದಳು. ಇಬ್ಬರ ನಡುವೆ ಏನೂ ಇರಲಿಲ್ಲ, ಶಿಗೆಯೊಗೆ ಅದು ಚೆನ್ನಾಗಿ ಗೊತ್ತು, ಏನಾದರೂ ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ಎಂದೂ ಅನ್ನಿಸುತ್ತಿತ್ತು. ಅವನು ತೀರಿಕೊಂಡ ಮೇಲಿನ ಶರತ್ಕಾಲದಲ್ಲಿ ಮಾತಿನಂತೆ ಕುಂಡ ಮಗುಚಿದಳು. ಎಬಿನೆಗೆ ವರ್ಷಕ್ಕೊಂದು ಗೆಡ್ಡೆ, ಹೊಸದು ಹಳೆಯದಕ್ಕೆ ಅಂಟಿಕೊಂಡೇ ಮುಂದೆ ಸರಿಯುತ್ತ ಹೋಗಿ, ಬೇರು ತೊಳೆದಾಗ ಸಿಗಡಿಯ ಬೆನ್ನಿನ ಹಾಗೆ ಕಾಣುತ್ತದೆ. ಮುಂದಿನ ತುದಿಯಲ್ಲಿ ಎಲೆ, ಮೊಳಕೆ, ಹೂವು. ಹಿಂದೆ ಉಳಿಯುವುದು ಎಲೆ ಉದುರಿ ಸುಕ್ಕಾದ ಗೆಡ್ಡೆಗಳು, ಮಲಗಿರುವಂಥವು. ಎದ್ದರೆ ಎದ್ದವು, ಇಲ್ಲದಿದ್ದರೆ ಅಲ್ಲೇ ಕರಗಿದವು. ವಿಮೆ ಇಡುವವರು ಮುಂದಿನದನ್ನು ಕೊಡಬೇಕೆಂದು ಎಲ್ಲೂ ಬರೆದಿಲ್ಲ. ಆದರೆ ಮೊರಿಹಿಕೊ ಯಾವಾಗಲೂ ಮುಂದಿನದನ್ನೇ ಕೊಡುತ್ತಿದ್ದ. ಶಿಗೆಯೊ ಹಿಂದಿನ ತುದಿಯ ಎರಡು ಗೆಡ್ಡೆಗಳನ್ನು ಮುರಿದು, ಒದ್ದೆ ಪಾಚಿಯಲ್ಲಿ ಸುತ್ತಿ, ಮೇಲೆ ಚೆಂದದ ಕಾಗದ ಹೊದಿಸಿ ಒಯ್ದುಕೊಟ್ಟಳು. ಚಿಜುರು ಎರಡೂ ಕೈ ಚಾಚಿ ತೆಗೆದುಕೊಂಡು, ಬಿಚ್ಚಿ ನೋಡಿ, ಮೊರಿಹಿಕೊ ಅಣ್ಣನೇ ಮನೆಗೆ ಬಂದಹಾಗಾಯ್ತು ಎಂದು ಅತ್ತಳು. ಅದನ್ನು ಶಿಗೆಯೊ ಮರೆಯಲಿಲ್ಲ.

ಮುಂದಿನ ವಸಂತದಲ್ಲಿ ಫೋನು ಬಂತು. ಅಕ್ಕ, ಎದ್ದಿದೆ, ಬಟಾಣಿಯಷ್ಟು ಹಸಿರು, ಬಂದು ನೋಡಿ! ಶಿಗೆಯೊ ಸಂತೋಷ ಎಂದಳು, ಮೊಣಕಾಲು ನೋವು ಎಂದೂ ಹೇಳಿದಳು. ಆ ಬಟಾಣಿ ಎಲೆಯಾಯಿತು, ಎಲೆ ಪೊದೆಯಾಯಿತು, ಹೋದ ವರ್ಷ ಹೂ ಬಿಟ್ಟೇ ಬಿಟ್ಟಿತು. ಊರಿನ ಸಭಾಂಗಣದಲ್ಲಿ ನಡೆಯುವ ಗಿಡದ ಸಂಘದ ಪ್ರದರ್ಶನದಲ್ಲಿ ಬಾಗಿಲಿಗೆ ಎದುರಾಗಿ, ಬಿಳಿ ಬಟ್ಟೆ ಹಾಸಿದ ಮುಂದಿನ ಮೇಜಿನ ಮೇಲೆ ಯೂನಾಗಿ ಕೂತಿತ್ತು, ಪಕ್ಕದಲ್ಲಿ ಚಿಜುರುವಿನ ಹೆಸರು. ಬಂದವರಿಗೆಲ್ಲ ಅವಳು ಇದು ಶಿಗೆಯೊ ಅಕ್ಕ ಕೊಟ್ಟಿದ್ದು, ಅಕ್ಕ ಕೊಟ್ಟಿದ್ದು ಎಂದು ಹೇಳುತ್ತಿದ್ದಳು. ಹೇಳಿದಷ್ಟೂ ಸಲ ಜನ ತಿರುಗಿ ನೋಡುತ್ತಿದ್ದರು, ಶಿಗೆಯೊ ತಲೆ ಬಾಗಿಸಿ ನಗಬೇಕಾಗುತ್ತಿತ್ತು. ಪಾಲು ಒಡೆದು ಕೊಟ್ಟಿದ್ದ ಶಿಗೆಯೊಳ ತಾಯಿ ಗಿಡ ಆ ವರ್ಷ ಬಡಕಲು ಹೂ ಬಿಟ್ಟು, ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿತ್ತು. ಮನೆಗೆ ಬಂದವಳೇ ಎಣ್ಣೆಹಿಂಡಿ ನೆನೆಹಾಕಿದಳು. ಹುಳಿಬಂದ ಆ ನೀರನ್ನು ಗಿಡಕ್ಕೆ ಹುಯ್ದಳು, ವಾರ ತುಂಬುವ ಮೊದಲೇ ಮತ್ತೆ ಹುಯ್ದಳು, ಮಳೆಗಾಲ ಶುರುವಾದ ಮೇಲೂ ಬಿಡಲಿಲ್ಲ. ಮಳೆಯಲ್ಲಿ ಗೊಬ್ಬರ ಹಾಕಬಾರದು ಎಂದು ಹೊಸದಾಗಿ ಸಂಘ ಸೇರಿದವರಿಗೆ ಅವಳೇ ಹೇಳಿಕೊಡುತ್ತಿದ್ದಳು. ತಿನ್ನು, ಬೆಳೆ, ಅವಳದಕ್ಕಿಂತ ದೊಡ್ಡದಾಗು ಎಂದು ಗಿಡಕ್ಕೆ ಬಾಯಿಬಿಟ್ಟು ಹೇಳಿದ್ದೂ ಉಂಟು. ಒಂದು ಬೆಳಿಗ್ಗೆ ಎಲೆ ಮುಟ್ಟಿದರೆ ಎಲೆಯೇ ಕೈಗೆ ಬಂತು, ಬುಡದಲ್ಲಿ ಕಂದು ಲೋಳೆ, ಸತ್ತ ಮೀನಿನ ವಾಸನೆ. ಅವಳು ಅದನ್ನು ಹಿತ್ತಲ ಮೂಲೆಯಲ್ಲಿ ಹೂತು ಪಟ್ಟಿಯನ್ನು ತೊಳೆದಿಟ್ಟುಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ವಿಮೆ ಕೇಳಬೇಕು. ತಾನು ಎಸೆಯುವಂಥದ್ದನ್ನು ಕೊಟ್ಟು, ಈಗ ಅವಳ ಬಾಗಿಲಲ್ಲಿ ನಿಂತು ಒಳ್ಳೆಯದನ್ನು ಕೇಳಬೇಕು. ಹೊಸ ವರ್ಷದ ಕೂಟದಲ್ಲಿ ಯಾರೋ ಚಿಜುರುವಿನ ಗಿಡವನ್ನು ಹೊಗಳಿದಾಗ ಅವಳ ಬಾಯಿ ಸುಮ್ಮನಿರಲಿಲ್ಲ. ನಮ್ಮ ತಾಯಿ ಗಿಡ ಈ ಸಲ ಎರಡು ದಂಟು ಕೊಡೋ ಹಾಗಿದೆ ಎಂದುಬಿಟ್ಟಳು. ಮೇಜಿನ ಸುತ್ತ ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಚಿಜುರು, ಹಾಗಾದ್ರೆ ಮುಂದಿನ ಮೇಜು ಅಕ್ಕಂಗೇ ಎಂದು ಲೋಟ ಎತ್ತಿದಳು, ಎಲ್ಲರೂ ಎತ್ತಿದರು. ಅವರೆಲ್ಲ ಹೊಟ್ಟೆಕಿಚ್ಚಿನಿಂದ ಸುಮ್ಮನಾದರೆಂದು ಆ ರಾತ್ರಿ ಶಿಗೆಯೊ ಸುಖವಾಗಿ ನಿದ್ದೆ ಮಾಡಿದ್ದಳು.

“ಅಕ್ಕಾ, ಇದ್ದೀರಾ? ಕಳಲೆ ತಂದಿದೀನಿ, ಬೈಬೇಡಿ!”

ಚಿಜುರು ಎಂದೂ ಗಂಟೆ ಒತ್ತಿದವಳಲ್ಲ, ಮನೆಯ ಪಕ್ಕದ ಓಣಿಯಿಂದ ನೇರ ಹಿತ್ತಲಿಗೇ ಬರುವವಳು. ತಲೆಗೆ ಟವಲು ಸುತ್ತಿಕೊಂಡಿದ್ದಳು, ಕೆನ್ನೆಯ ಮೇಲೆ ಮಣ್ಣು. ಕೈಯಲ್ಲಿ ಬಟ್ಟೆಚೀಲ.

“ಬೈಯದೆ ಇನ್ನೇನು. ಏಪ್ರಿಲ್ ಬಂತಂದ್ರೆ ಊರೋರೆಲ್ಲ ನನ್ನ ಬಾಗಿಲಿಗೇ ಕಳಲೆ ಸುರೀತಾರೆ. ನಾನೇನು ಕಾಡುಹಂದಿನಾ?”

“ಇದು ಬೇಯಿಸಿರೋದು. ಹಂದಿಗೆ ಯಾರು ಬೇಯಿಸಿ ಕೊಡ್ತಾರೆ? ನಿಮಗೆ ಕಹಿ ಬಿಡಿಸೋಕೆ ಬೇಜಾರು ಅಂತ ನಾನೇ ಬೇಯಿಸಿದೆ.”

ಕಹಿ ಬಿಡಿಸಲು ಬೇಜಾರು ಎಂದು ತಾನು ಯಾವಾಗ ಹೇಳಿದ್ದೆ? ಎಂದೋ ಹೇಳಿರಬೇಕು, ಇವಳು ನೆನಪಿಟ್ಟುಕೊಂಡಿರಬೇಕು. ಬೇರೆಯವರ ಚಿಕ್ಕಚಿಕ್ಕ ಸೋಮಾರಿತನಗಳನ್ನು ನೆನಪಿಟ್ಟುಕೊಂಡು ಅವುಗಳಿಗೆ ಸರಿಯಾಗಿ ಉಪಕಾರ ಮಾಡುವ ಈ ಅಭ್ಯಾಸವನ್ನು ಶಿಗೆಯೊಗೆ ಸಹಿಸಲಾಗುತ್ತಿರಲಿಲ್ಲ. ಚಿಜುರು ಆಗಲೇ ಕುಂಡಗಳ ಸಾಲಿಗೆ ಬಾಗಿದ್ದಳು. ಒಂದೊಂದಕ್ಕೂ ಮಕ್ಕಳಿಗೆ ಹೇಳುವಂತೆ ಏನೋ ಹೇಳುತ್ತ, ಒಣಗಿದ ಎಲೆಯನ್ನು ಚಿವುಟುತ್ತ ಬಂದಳು. ಬೇರೆಯವರ ಕುಂಡಕ್ಕೆ ಕೈ ಹಾಕುವವರನ್ನು ಮೊರಿಹಿಕೊ ಬೈಯುತ್ತಿದ್ದ, ಇವಳೊಬ್ಬಳನ್ನು ಬಿಟ್ಟು. ಬಿಳಿ ಪಟ್ಟಿಯ ಮುಂದೆ ಅವಳ ಕೈ ನಿಂತಿತು. ಶಿಗೆಯೊ ಬಾಗಿಲ ಹತ್ತಿರವಿದ್ದ ಚಪ್ಪಲಿಗಳನ್ನು ಸರಿಯಾಗಿ ಜೋಡಿಸತೊಡಗಿದಳು, ಅವು ಸರಿಯಾಗಿಯೇ ಇದ್ದವು. ಅಗಲ ಎಲೆ, ತೀರಾ ಅಗಲ, ಯೂನಾಗಿಯ ಎಲೆ ಕಿರಿದು, ಅಂಚಿನಲ್ಲಿ ಅಲೆ. ಇಷ್ಟೂ ಅವಳಿಗೆ ಹಿಂದಿನಿಂದಲೇ ಕಾಣುತ್ತಿತ್ತು, ಹಾಗಿದ್ದ ಮೇಲೆ ಮೂಗು ತಾಗುವಷ್ಟು ಬಾಗಿದವಳಿಗೆ ಕಾಣದೇ? ಬುಡದಲ್ಲಿ ಕತ್ತರಿಸಿದ ಗಾಯ ಇನ್ನೂ ಹಸಿ, ಅದರ ಮೇಲೆ ಒಂದು ಹನಿ ನೀರು ನಿಂತಿತ್ತು.

“ದಂಟು ಕತ್ತರಿಸಿದ್ರಾ ಅಕ್ಕ?”

“ಹೂಂ. ಗಿಡ ಸೋತಿತ್ತು. ಎರಡು ದಂಟು ಹೊರೋ ಶಕ್ತಿ ಇಲ್ಲ ಅನ್ನಿಸ್ತು.”

“ಒಳ್ಳೇದು ಮಾಡಿದ್ರಿ. ನನಗೆ ಆ ಧೈರ್ಯ ಬರಲ್ಲ ನೋಡಿ, ನಾನು ಆಸೆಬುರುಕಿ. ಹೂ ಕಂಡ್ರೆ ಕತ್ತರಿ ಏಳಲ್ಲ.”

“ಹಾಗಾಗಿ ಈ ಸಲವೂ ಮುಂದಿನ ಮೇಜು ನಿನಗೇ ಆಯ್ತು, ಬಿಡು.” ನಗುತ್ತ ಹೇಳಬೇಕೆಂದುಕೊಂಡದ್ದು ನಗು ಬರುವ ಮೊದಲೇ ಬಾಯಿಂದ ಬಿತ್ತು.

ಚಿಜುರು ತಿರುಗಲಿಲ್ಲ. ಬೆರಳಿನ ತುದಿಯಿಂದ ಗಾಯದ ಮೇಲಿನ ಹನಿಯನ್ನು ಒರೆಸಿ, ಕುಂಡವನ್ನು ಸ್ವಲ್ಪ ನೆರಳಿಗೆ ಸರಿಸಿದಳು. “ಇಲ್ಲ ಅಕ್ಕ, ನಾನು ಈ ಸಲ ಯೂನಾಗಿ ಇಡ್ತಿಲ್ಲ. ಸಂಘದ ಉಮೆಗಾಕಿ-ಸಾನ್‌ಗೂ ಹೇಳಾಯ್ತು.”

“ಯಾಕೆ?”

“ಅಯ್ಯೋ, ಬೇಜಾರು. ಹೊತ್ಕೊಂಡು ಹೋಗು, ಹೊತ್ಕೊಂಡು ಬಾ. ಸೊಂಟ ಹಿಡೀತದೆ. ಟೀ ಕೊಡ್ತೀರೋ ಇಲ್ವೋ? ಬಾಯಿ ಒಣಗಿ ಹೋಯ್ತು.”

ತಾನು ವರ್ಷವಿಡೀ ಬಯಸಿದ್ದು ಅದೇ, ಆ ಮೇಜಿನ ಮೇಲೆ ಚಿಜುರುವಿನ ಹೆಸರು ಇರಬಾರದು. ಅದು ಹೀಗೆ, ಸೊಂಟ ನೋವಿನ ನೆಪದಲ್ಲಿ, ಬೇಯಿಸಿದ ಕಳಲೆಯ ಜೊತೆ ಮನೆಗೇ ಬಂತು. ಜಗಲಿಯಲ್ಲಿ ಟೀ ಇಡುವಾಗ ಶಿಗೆಯೊಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ, ಯಾರೋ ತನ್ನ ತಲೆ ಸವರಿದ ಹಾಗೆ ಮೈಯೆಲ್ಲ ಮುಜುಗರ. ಚಿಜುರು ಉಪ್ಪಿನಕಾಯಿ ಕರಕರ ಕಡಿಯುತ್ತ ಪಕ್ಕದ ಮನೆಯ ನಾಯಿಯ ಕಥೆ ಹೇಳುತ್ತಿದ್ದಳು. ನಾಯಿಗೆ ವಯಸ್ಸಾಗಿ ತನ್ನ ಗೂಡು ಮರೆತು ಇವಳ ಹಿತ್ತಲಲ್ಲಿ ಬಂದು ಮಲಗುತ್ತದಂತೆ, ಅದೂ ಸರಿಯಾಗಿ ಎಬಿನೆಗಳ ಮಧ್ಯೆ, ಓಡಿಸಲು ಮನಸ್ಸು ಬಾರದೆ ಇವಳು ಅದಕ್ಕೊಂದು ಚಾಪೆ ಹಾಸಿದ್ದಾಳಂತೆ. ಶಿಗೆಯೊಗೆ ನಗು ಬಂತು, ನಿಜವಾದ ನಗು. ಇವಳೊಡನೆ ನಗದೆ ಇರುವುದು ಕಷ್ಟ, ಮೊರಿಹಿಕೊಗೂ ಕಷ್ಟವಾಗಿತ್ತು. ನಗುತ್ತಲೇ ಇನ್ನಷ್ಟು ಟೀ ಹಾಕಲೆಂದು ಮುಂದಕ್ಕೆ ಬಗ್ಗಿದಳು, ಏಪ್ರನ್ನಿನ ಜೇಬು ಬಾಯಿತೆರೆಯಿತು, ಹೂದಂಟು ಚಾಪೆಯ ಮೇಲೆ ಇಬ್ಬರ ನಡುವೆ ಬಿತ್ತು. ಜೇಬಿನ ಬಿಸಿಗೆ ಕೆಳಗಿನ ಮೊಗ್ಗು ಅರ್ಧ ಬಿರಿದಿತ್ತು, ಬೆಣ್ಣೆಯಂಥ ಹಳದಿ.

ಇಬ್ಬರೂ ಅದನ್ನು ನೋಡಿದರು. ಈಗ ಇವಳು ಏನಾದರೂ ಹೇಳಲಿ ಎಂದು ಶಿಗೆಯೊ ಕಾದಳು, ಬೈಯಲಿ, ಅಪಹಾಸ್ಯ ಮಾಡಲಿ, ಅಕ್ಕ ಎಂದು ಕರೆಯುವುದನ್ನು ನಿಲ್ಲಿಸಲಿ. ಹಾಗೆ ಮಾಡಿದ್ದರೆ ತಾನೂ ಬಾಯಿಬಿಡಬಹುದಿತ್ತು, ಗಂಡನ ಹೆಸರೆತ್ತಿ ಕೂಗಾಡಬಹುದಿತ್ತು, ಆಮೇಲೆ ಇಬ್ಬರೂ ಅತ್ತು ಹಗುರಾಗಬಹುದಿತ್ತು. ಚಿಜುರು ದಂಟನ್ನು ಎತ್ತಿಕೊಂಡು, ಕತ್ತರಿಸಿದ ತುದಿಯನ್ನು ಉಗುರಿನಿಂದ ಸರಿಮಾಡಿ, ಗೋಡೆಯ ಹಲಗೆಯ ಮೇಲೆ ಬೋರಲಾಗಿದ್ದ, ಮೊರಿಹಿಕೊ ಅಕ್ಕಿಯ ಮದ್ಯ ಸಾಕೆ ಕುಡಿಯುತ್ತಿದ್ದ ಬಟ್ಟಲನ್ನು ತಾನೇ ತೆಗೆದು, ಟೀ ಕೆಟಲಿನ ನೀರು ಬಿಸಿಯೆಂದು ಅಡುಗೆಮನೆಗೆ ಹೋಗಿ ತಣ್ಣೀರು ತುಂಬಿಸಿಕೊಂಡು ಬಂದು, ಅದರಲ್ಲಿ ನಿಲ್ಲಿಸಿದಳು.

“ಹಳದಿಯದಕ್ಕೇ ಪರಿಮಳ ಹೆಚ್ಚು ಅಲ್ವಾ ಅಕ್ಕ? ನಾಳೆ ಹೊತ್ತಿಗೆ ಮನೆಯೆಲ್ಲ ಘಂ ಅನ್ನತ್ತೆ.”

ಹೊರಡುವಾಗ ಬಟ್ಟೆಚೀಲವನ್ನು ಜಗಲಿಯ ಅಂಚಿಗೆ ಇಟ್ಟು, “ಡಬ್ಬಿ ಇವತ್ತೇ ಕೊಡ್ಬೇಡಿ, ಆಮೇಲೆ ಖಾಲಿ ಡಬ್ಬಿ ಹೇಗೆ ಕೊಡೋದು ಅಂತ ಏನಾದ್ರೂ ತುರುಕ್ತೀರಿ. ಚೀಲದಲ್ಲಿ ಪಕ್ಕಕ್ಕೆ ಇನ್ನೊಂದಿದೆ, ಬಿಸಿಲಲ್ಲಿ ಇಡ್ಬೇಡಿ” ಎಂದಳು. ಟವಲು ಬಿಗಿದುಕೊಂಡು ಓಣಿಯಲ್ಲಿ ಮರೆಯಾದಳು.

ಡಬ್ಬಿಯ ಪಕ್ಕದಲ್ಲಿ ಹಳೆಯ ಪತ್ರಿಕೆಯ ಸುರುಳಿ, ಒಳಗೆ ಒದ್ದೆ ಪಾಚಿ. ಬಿಚ್ಚುವ ಮೊದಲೇ ಶಿಗೆಯೊಗೆ ಗೊತ್ತಾಯಿತು. ಹಿಂದಿನ ಗೆಡ್ಡೆ ಇರಲಿ, ದೇವರೇ, ಹಿಂದಿನದೇ ಇರಲಿ ಎಂದು ಅವಳ ಮನಸ್ಸು ಬೇಡಿತು, ಹಾಗಾದರೆ ಸಮ ಆಗುತ್ತದೆ, ಹಾಗಾದರೆ ಇವಳನ್ನು ಕ್ಷಮಿಸಬಹುದು. ಪಾಚಿ ಸರಿಸಿದಾಗ ಕಂಡದ್ದು ಕಿರಿದಾದ, ಅಂಚಿನಲ್ಲಿ ಅಲೆಯಿದ್ದ ಎಲೆಗಳು, ಅವುಗಳ ನಡುವೆ ನೆಟ್ಟಗೆ ನಿಂತ ದಂಟು, ದಂಟಿನ ತುಂಬ ತಾಮ್ರದ ಬಣ್ಣಕ್ಕೆ ತಿರುಗಿದ ಮೊಗ್ಗು. ಮುಂದಿನದು. ಮುಂದಿನದು ಪೂರ್ತಿ, ಬಿಳಿಬೇರು ಒಂದೂ ಮುರಿಯದಂತೆ ಬಿಡಿಸಿ, ಕತ್ತರಿಸಿದ ಜಾಗಕ್ಕೆ ಬೂದಿ ಹಚ್ಚಿ. ಹೂವಿನ ಹೊತ್ತಿನಲ್ಲಿ ಯಾರೂ ಗಿಡ ಒಡೆಯುವುದಿಲ್ಲ, ಅಂಥದ್ದರಲ್ಲಿ ಒಡೆದು ತಂದಿದ್ದಳು. ಶಿಗೆಯೊಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ. ಇವಳಿಗೆ ಹೀಗೆ ಕೊಡಲು ಬರುತ್ತದೆ, ನನಗೆ ಬರುವುದಿಲ್ಲ ಎಂಬ ಉರಿ ಬಂತು. ಗಂಡ ಕೈ ಎಂದು ಹೇಳಿದ್ದು ಇದನ್ನೇ ಇರಬೇಕು ಎಂದೂ ಹೊಳೆಯಿತು. ಆಮೇಲೆ ಆ ಉರಿಯ ಬುಡದಲ್ಲೇ ಇನ್ನೊಂದು ಆಸೆ ತಲೆಯೆತ್ತಿತು: ಪ್ರದರ್ಶನದ ಹೊತ್ತಿಗೆ ಇದು ಸರಿಯಾಗಿ ಅರಳುತ್ತದೆ. ಮುಂದಿನ ಮೇಜು ಖಾಲಿಯಿದೆ. ಪಟ್ಟಿ ನನ್ನ ಹತ್ತಿರವೇ ಇದೆ, ಗಂಡನ ಅಕ್ಷರದ್ದು. ನಾಚಿಕೆಯಾಗುತ್ತಿದ್ದರೂ ಕಾಲುಗಳು ಫೋನಿನ ಹತ್ತಿರ ಹೋಗಿದ್ದವು.

“ಉಮೆಗಾಕಿ-ಸಾನ್, ನಾನು ಶಿಗೆಯೊ. ಪ್ರದರ್ಶನಕ್ಕೆ ನಮ್ಮ ಯೂನಾಗಿ ತರ್ತೀನಿ ಅಂತ ಹೇಳೋಣ ಅಂತ.”

“ಗೊತ್ತು, ಗೊತ್ತು!” ಸಂಘದ ಕಾರ್ಯದರ್ಶಿಯದು ಕಿವುಡರ ದೊಡ್ಡ ದನಿ. “ನಿಮ್ಮ ಹೆಸರಿನ ಹಲಗೆ ಬರೆಸಿಟ್ಟಾಯ್ತು. ಮುಂದಿನ ಮೇಜು, ಬಾಗಿಲಿಗೆ ಎದುರು. ಚಿಜುರು ಹೋದ ಶರತ್ಕಾಲದ ಸಭೆಯಲ್ಲೇ ಹೇಳಿದ್ಲಲ್ಲ, ಈ ಸಲ ಅಕ್ಕನ ಹೆಸರಲ್ಲೇ ಬರ್ಬೇಕು ಅಂತ.”

“ಶರತ್ಕಾಲದಲ್ಲಾ?”

“ಹೂಂ, ನೀವು ಬಂದಿರಲಿಲ್ಲ ಅವತ್ತು. ಮಳೆಗಾಲದಲ್ಲಿ ನಿಮ್ಮದು ಕೊಳೆತು ಹೋಯ್ತು ಅಂತ ಕೇಳಿ ನಮಗೆಲ್ಲ ಎಷ್ಟು ಬೇಜಾರಾಯ್ತು ಗೊತ್ತಾ! ನಿಮ್ಮನೆಗೆ ಪ್ಲಮ್ ಹಣ್ಣು ಕೊಡೋಕೆ ಬಂದ ಚಿಜುರು, ನೀವಿಲ್ಲ ಅಂತ ಹಿತ್ತಲಿಗೆ ಹೋಗಿ ನೋಡಿದ್ಲಂತೆ. ಅಕ್ಕ ತಾನಾಗೇ ಹೇಳೋವರೆಗೂ ಯಾರೂ ಕೇಳ್ಬೇಡಿ ಅಂತ ನಮ್ಮ ಬಾಯಿಗೆಲ್ಲ ಬೀಗ ಹಾಕಿದ್ಲು. ಈಗ ನೀವೇ ಫೋನ್ ಮಾಡಿದ್ರಲ್ಲ, ಹೇಳಿದ ಹಾಗೇ ಆಯ್ತು. ಏನಿಲ್ಲ, ನಮಗೆಲ್ಲ ಆಗಿರೋದೇ ಅದು. ಹಲೋ? ಶಿಗೆಯೊ-ಸಾನ್?”

ಕೇಳಿಸುತ್ತಿದೆ ಎಂದಳು, ಉಪಕಾರವಾಯಿತು ಎಂದಳು, ಫೋನಿಗೆ ಬಾಗಿ ವಂದಿಸಿದಳು. ಹೊಸ ವರ್ಷದ ಕೂಟದ ಆ ಮೌನ ಈಗ ಕಿವಿಯಲ್ಲಿ ತುಂಬಿಕೊಂಡಿತು. ತಾಯಿ ಗಿಡ ಎರಡು ದಂಟು ಕೊಡುತ್ತದೆ ಎಂದು ಅವಳು ಹೇಳುವಾಗ ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಲೋಟ ಎತ್ತಿದ್ದರು. ದಾರಿಯಲ್ಲಿ ಸಿಕ್ಕಾಗ ಗಿಡ ಹೇಗಿದೆ ಎಂದು ಯಾರೂ ಕೇಳದೆ ಇದ್ದದ್ದು, ಬರೀ ಮೊಣಕಾಲಿನ ಬಗ್ಗೆ ಕೇಳುತ್ತಿದ್ದದ್ದು, ಇಡೀ ಊರು ಅವಳನ್ನು ಕಾಯಿಲೆಯವಳ ಹಾಗೆ ಮೆಲ್ಲಗೆ ಎತ್ತಿಕೊಂಡು ಓಡಾಡಿದ್ದು, ಎಲ್ಲ ಆ ಟವಲಿನವಳ ಅಪ್ಪಣೆಯಂತೆ. ಕಿವಿ, ಕತ್ತು ಎಲ್ಲ ಕಾದವು. ಬೆಳಿಗ್ಗೆ ಕತ್ತರಿ ಸುಟ್ಟದ್ದು ನೆನಪಾಗಿ, ಯಾರೂ ಇಲ್ಲದ ಮನೆಯಲ್ಲಿ ಸೆರಗಿಲ್ಲದವಳು ಏಪ್ರನ್ನನ್ನೇ ಎತ್ತಿ ಮುಖ ಮುಚ್ಚಿಕೊಂಡಳು. ಏಪ್ರನ್ನಿಗೆ ಹೂವಿನ ವಾಸನೆ ಬರುತ್ತಿತ್ತು.

ಆದರೂ ಗಿಡವನ್ನು ಹಾಗೇ ಬಿಡುವಂತಿರಲಿಲ್ಲ. ಎತ್ತರದ ಕಪ್ಪು ಕುಂಡ ತೆಗೆದು, ತಳಕ್ಕೆ ಹಗುರ ಕಲ್ಲು ಹಾಕಿ, ಬೇರುಗಳನ್ನು ಹರಡಿ, ಗೆಡ್ಡೆಯ ಹೆಗಲು ಕಾಣುವಷ್ಟೇ ಮಣ್ಣು ತುಂಬಿದಳು. ಎಂದೂ ಇಷ್ಟು ಚೆನ್ನಾಗಿ ನೆಟ್ಟಿರಲಿಲ್ಲ. ಹಳದಿಯದರಿಂದ ಪಟ್ಟಿ ಕಿತ್ತು ಇದಕ್ಕೆ ಚುಚ್ಚಿದಳು. ಕೈ ಕೆಲಸ ಮಾಡುತ್ತಿರುವಾಗ ಮನಸ್ಸು ಕೆಳಗಿನ ಬೀದಿಗೆ ಹೋಗಿ ಚಿಜುರುವಿನ ಹಿತ್ತಲಲ್ಲಿ ನಿಂತಿತು. ಅಲ್ಲಿ ಮುದಿ ನಾಯಿಯ ಚಾಪೆಯ ಪಕ್ಕದ ಕುಂಡದಲ್ಲಿ ಈಗ ಉಳಿದಿರುವುದು ಎಲೆಯಿಲ್ಲದ ಹಿಂದಿನ ಗೆಡ್ಡೆಗಳು ಮಾತ್ರ. ಅವು ಏಳಬಹುದು, ಮಳೆ ಹೆಚ್ಚಾದರೆ ಕೊಳೆತು ಏಳದೆಯೂ ಇರಬಹುದು. ಏಳದೆ ಹೋದರೆ ಒಂದು ದಿನ ಚಿಜುರು ಈ ಓಣಿಯಲ್ಲಿ ಬಂದು, ಎಂದಿನ ಹಾಗೆ ಕೂಗದೆ, ಟವಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತು, ಅಕ್ಕ, ಒಂದು ಪಾಲು ಕೊಡ್ತೀರಾ ಎಂದು ಕೇಳಬೇಕಾಗುತ್ತದೆ. ಆಗ ಶಿಗೆಯೊ ಕುಂಡ ಮಗುಚಿ ಮುಂದಿನದನ್ನೇ ಒಡೆದು ಕೊಡುತ್ತಾಳೆ, ಹೂವಿದ್ದರೆ ಹೂವಿನ ಸಮೇತ. ಯಾರಿಗೂ ಹೇಳಬೇಡಿ ಎಂದು ಸಂಘದವರಿಗೂ ತಾನೇ ಹೇಳುತ್ತಾಳೆ. ಆ ದಿನದ ಚಿಜುರುವಿನ ಮುಖ ಅವಳ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಚಿಜುರುವಿನ ಮೇಲೆ ನಿಜವಾದ ಪ್ರೀತಿ ಹುಟ್ಟಿತ್ತು. ಕೈ ತೊಳೆದುಕೊಂಡು ಒಳಗೆ ಹೋಗಿ, ಗಂಡನ ಫೋಟೋದ ಮುಂದೆ ಊದುಬತ್ತಿ ಹಚ್ಚಿ, ಹಳದಿ ಹೂವಿನ ಬಟ್ಟಲನ್ನು ಅಲ್ಲೇ ಇಟ್ಟು ಕಣ್ಣು ಮುಚ್ಚಿದಳು. ಈ ಸಲ ಮಳೆಗಾಲ ಬೇಗ ಬರಲಿ, ಜೋರಾಗಿ ಬರಲಿ, ಬಿಡದೆ ಸುರಿಯಲಿ ಎಂದು ಬೇಡಿಕೊಂಡಳು.